ಬೀಗದ ಕೈ ಕಂಪೆನಿಗೆ, ಬೇಡಿ ಚಾಲಕನಿಗೆ

2025ರ ಜುಲೈ 15ರಂದು ಮುಂಬಯಿಯ ಬಾಂದ್ರಾ-ಕುರ್ಲಾ ಬಡಾವಣೆಯಲ್ಲಿ ಅಮೆರಿಕದ ಟೆಸ್ಲಾ ಕಂಪೆನಿಯ ಅಂಗಡಿ ತೆರೆಯಿತು. ಭಾರತದಲ್ಲಿ ಆ ಕಂಪೆನಿಯ ಮೊದಲ ಅಂಗಡಿ ಅದು. ಮಹಾರಾಷ್ಟ್ರದ ಮುಖ್ಯಮಂತ್ರಿಗಳೇ ಬಂದು ಉದ್ಘಾಟಿಸಿದರು. ದೊಡ್ಡ ಪತ್ರಿಕೆಗಳು ಪುಟ ತುಂಬ ಚಿತ್ರ ಹಾಕಿದವು. ಅಲ್ಲಿ ನಿಲ್ಲಿಸಿದ್ದ ವಿದ್ಯುತ್ ಕಾರುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದಕ್ಕೆ ಸುಮಾರು 60 ಲಕ್ಷ ರೂಪಾಯಿ ಬೆಲೆ. ತಿಂಗಳಿಗೆ 15 ಸಾವಿರ ಸಂಬಳದ ಗಿರಣಿ ಕೆಲಸಗಾರ ಒಂದು ಹಿಡಿ ಅಕ್ಕಿಯನ್ನೂ ಕೊಳ್ಳದೆ 33 ವರ್ಷ ಕೂಡಿಟ್ಟರೆ ಆ ಕಾರಿನ ಬಾಗಿಲನ್ನು ಮುಟ್ಟಬಹುದು. ಉಳ್ಳವರು ಕೊಳ್ಳಲಿ, ನಮ್ಮ ತಕರಾರು ಅದಲ್ಲ.

ಆ ಬೆಲೆಯ ಮೇಲೆ ಇನ್ನೂ 6 ಲಕ್ಷ ರೂಪಾಯಿಯ ಒಂದು ಬಾಬು ಬೆಲೆಪಟ್ಟಿಯಲ್ಲಿತ್ತು. ಅದರ ಹೆಸರು 'ಫುಲ್ ಸೆಲ್ಫ್ ಡ್ರೈವಿಂಗ್', ಅಂದರೆ ಸಂಪೂರ್ಣ ಸ್ವಯಂಚಾಲನೆ. ಅಂಗಡಿ ತೆರೆದ ದಿನ ಈ ಬಾಬು ನಮ್ಮ ದೇಶದ ಒಂದೇ ಒಂದು ರಸ್ತೆಯಲ್ಲೂ ಕೆಲಸ ಮಾಡುತ್ತಿರಲಿಲ್ಲ. ಹಣ ಈಗ ಕಟ್ಟಿರಿ, ಸಾಮಾನು ಮುಂದೆ ಎಂದಾದರೂ ಬರುತ್ತದೆ ಎಂಬುದೇ ಕರಾರು. ನಮ್ಮ ಪೇಟೆಯ ಕಿರಾಣಿ ಅಂಗಡಿಯವರು ಗಿರಾಕಿಗೆ 'ಸಕ್ಕರೆಯ ದುಡ್ಡು ಇಡು, ಸಕ್ಕರೆ ಯಾವ ವರ್ಷ ಬರುತ್ತದೆಂದು ಹೇಳಲಾರೆ' ಎಂದರೆ ಏನಾದೀತು? ಸಂಜೆಯೊಳಗೆ ಅಂಗಡಿಯ ಹಲಗೆ ಬೀದಿಯಲ್ಲಿ ಬಿದ್ದಿರುತ್ತದೆ. 60 ಲಕ್ಷದ ಗಿರಾಕಿಗೆ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರೆ ಮಂತ್ರಿಗಳು ಬಂದು ಟೇಪು ಕತ್ತರಿಸುತ್ತಾರೆ!

ಶ್ರೀಮಂತನನ್ನು ಇನ್ನೊಬ್ಬ ಶ್ರೀಮಂತ ಸುಲಿದರೆ ನಮಗೇನು ಎಂದು ನಮ್ಮ ಓದುಗರು ಕೇಳಬಹುದು. ನಾವೂ ಮೊದಲು ಹಾಗೆಯೇ ಎಂದುಕೊಂಡೆವು. ಆದರೆ ಈ ಗಾಡಿಗಳನ್ನು ಅಮೆರಿಕದಲ್ಲಿ ಕೊಂಡವರ ಕಳೆದ ಹತ್ತು ವರ್ಷಗಳ ಅನುಭವ, ಅಲ್ಲಿನ ಕೋರ್ಟುಗಳ ಕಡತ, ಅಲ್ಲಿನ ಸರಕಾರಿ ತನಿಖೆಗಳ ವರದಿ ಇವನ್ನೆಲ್ಲ ನೋಡಿದ ಮೇಲೆ ನಮ್ಮ ಅಭಿಪ್ರಾಯ ಬದಲಾಯಿತು. ಅಲ್ಲಿ ಹುಟ್ಟಿರುವುದು ಹೊಸ ಕಾರು ಮಾತ್ರವಲ್ಲ, ಹೊಸ ಬಗೆಯ ಮಾಲಿಕತ್ವವೂ ಹೌದು. ಗಾಡಿ ಕೊಂಡವನದು, ಸಾಲ ಅವನದು, ಗಾಡಿಯ ಬೀಗದ ಕೈ ಮಾತ್ರ ಕಂಪೆನಿಯದು. ಅಪಘಾತವಾದ ದಿನ ಅದೇ ಕಂಪೆನಿ ಬೆರಳು ತೋರುವುದು ಸ್ಟಿಯರಿಂಗ್ ಹಿಂದೆ ಕುಳಿತವನ ಕಡೆಗೆ. ಈ ಪದ್ಧತಿ 60 ಲಕ್ಷದ ಕಾರಿನಲ್ಲೇ ನಿಲ್ಲುವುದಿಲ್ಲ. ನಿಮ್ಮ ಸಾಮಾನು ಸಾಗಿಸುವ ಮೂರು ಗಾಲಿಯ ಬ್ಯಾಟರಿ ಗಾಡಿಗೂ ಅದು ಇಳಿದು ಬರುತ್ತದೆ. ಇಳಿಯತೊಡಗಿದೆ ಎಂಬುದನ್ನು ಮುಂದೆ ಹೇಳುತ್ತೇವೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ವಿದ್ಯುತ್ ಗಾಡಿಗೆ ನಾವು ವಿರೋಧಿಗಳಲ್ಲ. ಹೊಗೆಯಿಲ್ಲ, ಸದ್ದಿಲ್ಲ, ಎಂಜಿನ್ ಎಣ್ಣೆಯ ಖರ್ಚಿಲ್ಲ. ರಾತ್ರಿ ಮನೆಯಲ್ಲೇ ವಿದ್ಯುತ್ ತುಂಬಿಸಿದರೆ ಮೈಲಿಗೆ ಬೀಳುವ ಖರ್ಚು ಪೆಟ್ರೋಲಿಗಿಂತ ಎಷ್ಟೋ ಕಡಿಮೆ. ಓಡಿಸುವವರು ಇದನ್ನು ಹೊಗಳುತ್ತಾರೆ, ಆ ಹೊಗಳಿಕೆ ನ್ಯಾಯವಾದದ್ದೇ. ಟೆಸ್ಲಾ ಕಂಪೆನಿ ಹುಟ್ಟುವ ಮೊದಲೇ, 2001ರಲ್ಲಿ, ಬೆಂಗಳೂರಿನಲ್ಲಿ ತಯಾರಾದ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗೆ ಇಳಿದಿತ್ತು. 'ಜಿ-ವಿಜ್' ಎಂಬ ಹೆಸರಿನಲ್ಲಿ ಅದು ಲಂಡನ್ನಿನ ಬೀದಿಗಳಲ್ಲೂ ಓಡಿತು. ಅದರ ಓಟ ಕಡಿಮೆ, ಜಾಗ ಇಕ್ಕಟ್ಟು, ನಿಜ. ಆದರೆ ಕೊಂಡವನಿಗೆ ತಾನು ಏನು ಕೊಂಡೆನೆಂದು ಗೊತ್ತಿತ್ತು. ಯಂತ್ರದ ಮೇಲೆ ನಮಗೆ ದ್ವೇಷವಿಲ್ಲ. ಎದುರಿಗೆ ಅಡ್ಡಬಂದದ್ದನ್ನು ಕಂಡು ತಾನೇ ಬ್ರೇಕ್ ಹಾಕುವ ಉಪಕರಣ ಒಂದು ಮಗುವಿನ ಜೀವ ಉಳಿಸಿದರೂ ಅದನ್ನು ಮಾಡಿದ ಎಂಜಿನಿಯರಿಗೆ ನಾವು ಕೈ ಮುಗಿಯುತ್ತೇವೆ. ನಮ್ಮ ಜಗಳವಿರುವುದು ಆ ಉಪಕರಣಕ್ಕೆ ಇಟ್ಟ ಹೆಸರಿನೊಡನೆ, ಮಾರಿದ ರೀತಿಯೊಡನೆ.

ಆ ಹೆಸರಿನ ಚರಿತ್ರೆ ಹೀಗಿದೆ. 2016ರ ಅಕ್ಟೋಬರಿನಲ್ಲಿ ಕಂಪೆನಿ ಒಂದು ಘೋಷಣೆ ಮಾಡಿತು. ಇನ್ನು ಮುಂದೆ ತಯಾರಾಗುವ ಪ್ರತಿಯೊಂದು ಕಾರಿನಲ್ಲೂ ಸಂಪೂರ್ಣ ಸ್ವಯಂಚಾಲನೆಗೆ ಬೇಕಾದ ಸಾಧನಗಳೆಲ್ಲ ಇವೆ ಎಂದು ಅದು ಸಾರಿತು. ಜೊತೆಗೊಂದು ಚಲನಚಿತ್ರ: ಕಾರು ತಾನೇ ತಿರುಗುತ್ತದೆ, ತಾನೇ ನಿಲ್ಲುತ್ತದೆ, ಚಾಲಕನ ಜಾಗದಲ್ಲಿ ಕುಳಿತವನು ಕಾನೂನಿಗಾಗಿ ಮಾತ್ರ ಇದ್ದಾನೆ ಎಂದು ಅದರ ಮೊದಲಲ್ಲೇ ಬರೆದಿದ್ದರು. 2017 ಮುಗಿಯುವುದರೊಳಗೆ ಲಾಸ್ ಏಂಜಲಿಸ್‌ನಿಂದ ನ್ಯೂಯಾರ್ಕಿನವರೆಗೆ ಕೈ ಮುಟ್ಟದೆ ಕಾರು ಓಡಿಸಿ ತೋರಿಸುವುದಾಗಿ ಕಂಪೆನಿಯ ಮುಖ್ಯಸ್ಥ ಈಲಾನ್ ಮಸ್ಕ್ ಮಹಾಶಯರು ಹೇಳಿದರು. 2017 ಹೋಯಿತು, ಆ ಓಟ ನಡೆಯಲಿಲ್ಲ. 2019ರ ಏಪ್ರಿಲಿನಲ್ಲಿ, ಮರುವರ್ಷ ಹತ್ತು ಲಕ್ಷ ಕಾರುಗಳು ಚಾಲಕರಿಲ್ಲದೆ ಬಾಡಿಗೆ ದುಡಿಯಬಲ್ಲವಾಗುತ್ತವೆ ಎಂದರು. 2020 ಬಂತು, ಹೋಯಿತು.

ಆ ಚಲನಚಿತ್ರದ ಗುಟ್ಟು ಹೊರಬಿದ್ದದ್ದು ಕೋರ್ಟಿನಲ್ಲಿ. 2022ರಲ್ಲಿ ಕಂಪೆನಿಯ ಹಿರಿಯ ಎಂಜಿನಿಯರೊಬ್ಬರು ಪ್ರಮಾಣ ಮಾಡಿ ಕೊಟ್ಟ ಸಾಕ್ಷ್ಯದ ಪ್ರಕಾರ, ಆ ದಾರಿಯ ನಕ್ಷೆಯನ್ನು ಮೊದಲೇ ಯಂತ್ರಕ್ಕೆ ತಿನ್ನಿಸಿದ್ದರು. ಅಭ್ಯಾಸದ ಓಟಗಳಲ್ಲಿ ಚಾಲಕರು ಮಧ್ಯೆ ಕೈ ಹಾಕಬೇಕಾಗಿತ್ತು. ತಾನೇ ನಿಲುಗಡೆ ಮಾಡಿಕೊಳ್ಳುವುದನ್ನು ತೋರಿಸಹೋಗಿ ಒಂದು ಕಾರು ಕಂಪೆನಿಯ ಅಂಗಳದ ಬೇಲಿಗೇ ಗುದ್ದಿತ್ತು. ಬೇಲಿಗೆ ಗುದ್ದಿದ ಭಾಗ ಚಿತ್ರದಲ್ಲಿ ಇರಲಿಲ್ಲ ಎಂದು ನಾವು ಬೇರೆ ಹೇಳಬೇಕಾಗಿಲ್ಲ.

ಇಷ್ಟಾದರೂ ಆ ಬಾಬಿನ ಬೆಲೆ ಏರುತ್ತಲೇ ಹೋಯಿತು. 2022ರ ಸೆಪ್ಟೆಂಬರಿನಲ್ಲಿ 15,000 ಡಾಲರು ಮುಟ್ಟಿತು. ಆಮೇಲೆ ಗಿರಾಕಿಗಳು ತಗ್ಗಿದಂತೆ 2024ರ ಏಪ್ರಿಲಿನಲ್ಲಿ 8,000ಕ್ಕೆ ಇಳಿಯಿತು. ಅದೇ ಹೊತ್ತಿಗೆ ಹೆಸರಿನ ಮುಂದೆ ಆವರಣದಲ್ಲಿ ಒಂದು ಪದ ಬಂತು, 'ಮೇಲ್ವಿಚಾರಣೆಗೆ ಒಳಪಟ್ಟ' ಎಂದು. ಸಂಪೂರ್ಣ ಸ್ವಯಂಚಾಲನೆ, ಮೇಲ್ವಿಚಾರಣೆಗೆ ಒಳಪಟ್ಟದ್ದು! ನಮ್ಮ ವರ್ತಕ ಮಿತ್ರರಿಗೆ ಇದು ಅರ್ಥವಾಗುತ್ತದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 'ಶುದ್ಧ ತುಪ್ಪ', ಡಬ್ಬಿಯೊಳಗೆ ವನಸ್ಪತಿ, ತಳದಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ 'ಇದನ್ನು ತುಪ್ಪವೆಂದು ತಿಳಿಯಕೂಡದು'. ಪೇಟೆಯ ಬಡ ವರ್ತಕ ಇಂಥ ಡಬ್ಬಿ ಮಾರಿದರೆ ಆಹಾರದ ಇನ್‌ಸ್ಪೆಕ್ಟರು ಅಂಗಡಿಗೆ ಬೀಗ ಹಾಕುತ್ತಾರೆ. ಇಲ್ಲಿ ಆ ತಳದ ಅಕ್ಷರವೇ ಕಂಪೆನಿಗೆ ಕೋರ್ಟಿನಲ್ಲಿ ಗುರಾಣಿ.

2025ರ ಜನವರಿಯಲ್ಲಿ ಇನ್ನೊಂದು ಒಪ್ಪಿಗೆ ಬಂತು. ಹಳೆಯ ಕಂಪ್ಯೂಟರಿರುವ ಕಾರುಗಳನ್ನು ಇಟ್ಟುಕೊಂಡು ಈ ಬಾಬಿಗೆ ಹಣ ಕಟ್ಟಿದವರಿಗೆ ಕಂಪ್ಯೂಟರನ್ನೇ ಬದಲಾಯಿಸಿಕೊಡಬೇಕಾಗುತ್ತದೆ ಎಂದು ಮಸ್ಕ್ ಮಹಾಶಯರು ಷೇರುದಾರರೆದುರು ಹೇಳಿದರು. ಹಾಗಾದರೆ 'ಬೇಕಾದ ಸಾಧನಗಳೆಲ್ಲ ಇವೆ' ಎಂದು 2016ರಿಂದ ಹೇಳುತ್ತ ಬಂದದ್ದು ಏನು? ಈ ಮಧ್ಯೆ ಹಣ ಕಟ್ಟಿ, ಕಾದು, ಕಾರನ್ನು ಮಾರಿಬಿಟ್ಟವರೂ ಇದ್ದಾರೆ. ಅವರು ಕಟ್ಟಿದ ಹಣಕ್ಕೆ ಪ್ರತಿಯಾಗಿ ಅವರ ಕೈಗೆ ಬಂದದ್ದು ಏನೂ ಇಲ್ಲ. ಮುಂದಿನ ಕಾರಿಗೂ ಆ ಬಾಬನ್ನು ಹಕ್ಕಿನಿಂದ ಒಯ್ಯುವಂತಿರಲಿಲ್ಲ. ಕಂಪೆನಿ ದಯೆ ತೋರಿಸಿದ ತಿಂಗಳುಗಳಲ್ಲಿ ಮಾತ್ರ ಒಯ್ಯಬಹುದಾಗಿತ್ತು.

ಹೆಸರಿನ ಕಥೆ ಇಷ್ಟು. ಬೀಗದ ಕೈಯ ಕಥೆ ಇದಕ್ಕಿಂತ ವಿಚಿತ್ರ.

2017ರ ಸೆಪ್ಟೆಂಬರಿನಲ್ಲಿ 'ಇರ್ಮಾ' ಎಂಬ ಚಂಡಮಾರುತ ಅಮೆರಿಕದ ಫ್ಲಾರಿಡಾ ಪ್ರಾಂತದ ಮೇಲೆ ಬಂತು. ಲಕ್ಷಾಂತರ ಜನ ಊರು ಬಿಟ್ಟು ಹೊರಟರು. ಆಗ ಕಂಪೆನಿ ಅಲ್ಲಿನ ಕೆಲವು ಮಾದರಿಯ ಕಾರುಗಳ ಓಟವನ್ನು ದೂರದಿಂದಲೇ ಹೆಚ್ಚಿಸಿಕೊಟ್ಟಿತು. ಜನ ಜೈ ಎಂದರು. ಆಮೇಲೆ ಕೆಲವರು ಯೋಚಿಸಿದರು: ಹೆಚ್ಚಿನ ಓಟ ಎಲ್ಲಿಂದ ಬಂತು? ಬಂದದ್ದು ಕಾರಿನೊಳಗಿನಿಂದಲೇ! ಆ ಕಾರುಗಳಲ್ಲಿ ಕೂರಿಸಿದ್ದದ್ದು 75 ಅಳತೆಯ ಬ್ಯಾಟರಿ. ಗಿರಾಕಿ 60ಕ್ಕೆ ಮಾತ್ರ ಹಣ ಕೊಟ್ಟಿದ್ದರಿಂದ ಮಿಕ್ಕದ್ದಕ್ಕೆ ಕಂಪೆನಿ ಬೀಗ ಹಾಕಿತ್ತು. ಅಂದರೆ ಆ ಮನುಷ್ಯ ದಿನವೂ ಆ ಬ್ಯಾಟರಿಯ ಭಾರ ಹೊತ್ತು ಓಡುತ್ತಿದ್ದ, ತನ್ನ ಮನೆಯ ಕೊಟ್ಟಿಗೆಯಲ್ಲೇ ನಿಲ್ಲಿಸುತ್ತಿದ್ದ, ಆದರೆ ಮುಟ್ಟುವಂತಿರಲಿಲ್ಲ. ಬಿರುಗಾಳಿ ಕಳೆಯಿತು, ಬೀಗ ಮತ್ತೆ ಬಿತ್ತು. ಮನೆಗೆ ತಂದ ಅಕ್ಕಿಮೂಟೆಯ ಕಾಲುಭಾಗಕ್ಕೆ ಅಂಗಡಿಯವನ ಬೀಗ. ಪ್ರವಾಹ ಬಂದ ವಾರ ಬೀಗ ತೆರೆದು, ನೀರು ಇಳಿದ ಮೇಲೆ ಮತ್ತೆ ಹಾಕಿದಂತಾಯಿತು. ಅದನ್ನು ಅವರು ಉದಾರತೆ ಎಂದು ಕರೆದರು.

2020ರ ಮೊದಲ ತಿಂಗಳುಗಳಲ್ಲಿ ಸುದ್ದಿಯಾದ ಇನ್ನೊಂದು ಪ್ರಕರಣ ಕೇಳಿ. ಒಬ್ಬ ವರ್ತಕ ಕಂಪೆನಿಯ ಹರಾಜಿನಲ್ಲಿ ಒಂದು ಹಳೆಯ ಕಾರು ಕೊಂಡ. ಸ್ವಯಂಚಾಲನೆಯ ಬಾಬು ಅದರಲ್ಲಿ ಇತ್ತು. ಅವನಿಂದ ಇನ್ನೊಬ್ಬ ಅದನ್ನು ಕೊಂಡ. ಕೊಂಡವನು ನೋಡುತ್ತಾನೆ, ಬಾಬು ಮಾಯ! ಕಂಪೆನಿ ದೂರದಿಂದಲೇ ಕಿತ್ತುಕೊಂಡಿತ್ತು, 'ನೀವು ಇದಕ್ಕೆ ಹಣ ಕೊಟ್ಟಿಲ್ಲ' ಎಂಬ ಕಾರಣಕ್ಕೆ. ಪತ್ರಿಕೆಗಳಲ್ಲಿ ಗದ್ದಲವಾದ ಮೇಲೆ ಮರಳಿ ಕೊಟ್ಟರು. ಹಳೆಯ ಸೈಕಲ್, ಹೊಲಿಗೆ ಯಂತ್ರ, ಮೋಟಾರು ಕೊಂಡು ಮಾರಿ ಬದುಕುವ ಸಾವಿರಾರು ಜನ ನಮ್ಮಲ್ಲಿದ್ದಾರೆ. ಮಾರಿದ ಮೇಲೂ ಮೊದಲ ಮಾರಾಟಗಾರ ಸಾಮಾನಿನೊಳಕ್ಕೆ ಕೈ ಹಾಕಬಹುದಾದರೆ ಆ ಕಸುಬು ಉಳಿಯುವುದು ಹೇಗೆ?

ಓಟದ ಲೆಕ್ಕದಲ್ಲೂ ಅದೇ ಕೈಚಳಕ. ಗಾಡಿಯ ಗಾಜಿನ ಮೇಲೆ ಇಷ್ಟು ಮೈಲಿ ಎಂದು ತೋರಿಸುತ್ತದೆ, ರಸ್ತೆಯಲ್ಲಿ ಅಷ್ಟು ಬರುವುದಿಲ್ಲ. ಚಳಿಯಲ್ಲಿ ಓಟ ಕುಸಿಯುವುದನ್ನು ಮುಚ್ಚಿಟ್ಟು ಜಾಹೀರಾತು ಮಾಡಿದ್ದಕ್ಕೆ 2023ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಸರಕಾರ ಈ ಕಂಪೆನಿಗೆ ದಂಡ ಹಾಕಿತು. ಅದೇ ವರ್ಷ ಜುಲೈನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಬಯಲು ಮಾಡಿದ ಸಂಗತಿ ಇನ್ನೂ ಸೊಗಸು. ಓಟ ಕಡಿಮೆ ಬರುತ್ತದೆಂದು ದೂರು ಕೊಟ್ಟು ರಿಪೇರಿಗೆ ದಿನ ಗೊತ್ತು ಮಾಡಿಕೊಂಡವರಿಗೆ ಫೋನು ಮಾಡಿ, ಸಮಾಧಾನ ಹೇಳಿ, ಆ ದಿನವನ್ನೇ ರದ್ದು ಮಾಡಿಸಲು ಒಂದು ಗುಂಪನ್ನು ಕೂರಿಸಿದ್ದರಂತೆ. ಗಾಡಿ ರಿಪೇರಿ ಮಾಡುವವರ ಬದಲು ಗಿರಾಕಿಯನ್ನು ರಿಪೇರಿ ಮಾಡುವವರನ್ನು ನೇಮಿಸಿದ ಹಾಗೆ! ಕಾರಿನ ಕ್ಯಾಮೆರಾಗಳು ತೆಗೆದ ಗಿರಾಕಿಗಳ ಮನೆ-ಅಂಗಳದ ಚಿತ್ರಗಳನ್ನು ಕಂಪೆನಿಯ ಕೆಲವು ನೌಕರರು ತಮ್ಮತಮ್ಮಲ್ಲಿ ಹಂಚಿಕೊಂಡು ನಗುತ್ತಿದ್ದುದನ್ನೂ ಅದೇ ಸಂಸ್ಥೆ ಆ ವರ್ಷ ಏಪ್ರಿಲಿನಲ್ಲಿ ವರದಿ ಮಾಡಿತ್ತು. ಅದರ ಬಗ್ಗೆ ಹೆಚ್ಚು ಬರೆಯಲು ನಮಗೆ ಮನಸ್ಸಿಲ್ಲ.

ಈಗ ಪ್ರಾಣದ ಮಾತಿಗೆ ಬರೋಣ. ನಾವು ಈ ಲೇಖನ ಬರೆಯಲು ಕುಳಿತದ್ದೇ ಇದಕ್ಕಾಗಿ.

2016ರ ಮೇ ತಿಂಗಳಲ್ಲಿ ಫ್ಲಾರಿಡಾದ ಹೆದ್ದಾರಿಯಲ್ಲಿ ಒಂದು ಟೆಸ್ಲಾ ಕಾರು 'ಆಟೋಪೈಲಟ್' ಎಂಬ ಉಪಕರಣದ ಹಿಡಿತದಲ್ಲಿ ಓಡುತ್ತಿತ್ತು. ಅಡ್ಡಲಾಗಿ ತಿರುಗಿದ ಲಾರಿಯ ಬಿಳಿಯ ಮೈಯನ್ನು ಬೆಳಗುವ ಆಕಾಶದಿಂದ ಬೇರ್ಪಡಿಸಿ ನೋಡಲು ಯಂತ್ರಕ್ಕೆ ಆಗಲಿಲ್ಲ. ಬ್ರೇಕ್ ಬೀಳಲಿಲ್ಲ. ಮಾಲಿಕ ಸತ್ತ. ತನಿಖೆ ಮಾಡಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿ 2017ರಲ್ಲಿ ಲಾರಿ ದಾರಿ ಬಿಡದಿದ್ದುದನ್ನು ಹೇಳಿತು, ಕಾರಿನವನು ಯಂತ್ರವನ್ನು ಅತಿಯಾಗಿ ನಂಬಿದ್ದನ್ನು ಹೇಳಿತು. ಅಂಥ ಅತಿನಂಬಿಕೆಗೆ ಅವಕಾಶ ಕೊಟ್ಟದ್ದು ಯಂತ್ರದ ರಚನೆಯೇ ಎಂಬುದನ್ನೂ ಹೇಳಿತು.

2018ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೆದ್ದಾರಿ ಕವಲೊಡೆಯುವ ಒಂದು ಕಡೆ ಇನ್ನೊಂದು ಕಾರು ನೇರವಾಗಿ ಕಾಂಕ್ರೀಟು ಗೋಡೆಗೆ ಹೋಯಿತು. ಅದರಲ್ಲಿದ್ದವರು ಸ್ವತಃ ಎಂಜಿನಿಯರು. ಅದೇ ಜಾಗದಲ್ಲಿ ಕಾರು ಆ ಗೋಡೆಯ ಕಡೆಗೆ ಎಳೆಯುತ್ತದೆ ಎಂದು ಅವರು ಮೊದಲೇ ಮನೆಯವರಿಗೆ ಹೇಳಿದ್ದರು. ಆ ದಿನ ಅವರ ಫೋನಿನಲ್ಲಿ ಆಟವೊಂದು ನಡೆಯುತ್ತಿತ್ತೆಂದು ತನಿಖೆ ಹೇಳಿತು. ನಾವು ಅದನ್ನು ಮುಚ್ಚಿಡುವುದಿಲ್ಲ. ಆದರೆ ಎರಡನ್ನೂ ಜೊತೆಗಿಟ್ಟು ನೋಡಿ. ಹತ್ತು ಸಲ ಸರಿಯಾಗಿ ನಡೆದ ಯಂತ್ರದ ಮುಂದೆ ಹನ್ನೊಂದನೆಯ ಸಲ ಮನುಷ್ಯನ ಕಣ್ಣು ಸೋಲುತ್ತದೆ. ರಾತ್ರಿಪಾಳಿಯಲ್ಲಿ ಸದ್ದು ಮಾಡದೆ ಸರಾಗವಾಗಿ ತಿರುಗುವ ಸಾಂಚೆಯ ಮುಂದೆ ನಿಂತ ಯಾವ ನೂಲುವವನನ್ನಾದರೂ ಕೇಳಿ. ಕೈಗೆ ಕೆಲಸವಿದ್ದರೆ ಕಣ್ಣು ಎಚ್ಚರವಿರುತ್ತದೆ. ಕೈಯ ಕೆಲಸ ಕಿತ್ತುಕೊಂಡು, 'ಕಣ್ಣು ಮಾತ್ರ ಮಿಟುಕಿಸದೆ ಇಟ್ಟಿರು' ಎನ್ನುವುದು ಮನುಷ್ಯನ ದೇಹಕ್ಕೆ ಆಗದ ಕೆಲಸ. ಇದು ಗೊತ್ತಿದ್ದೇ ಮಾರಿದರು.

ಅಮೆರಿಕ ಸರಕಾರದ ಹೆದ್ದಾರಿ ಸುರಕ್ಷತಾ ಇಲಾಖೆ 2022ರ ಜೂನಿನಲ್ಲಿ ಒಂದು ಸಂಗತಿ ಪ್ರಕಟಿಸಿತು. ರಸ್ತೆಬದಿ ನಿಂತ ಪೊಲೀಸ್ ಮತ್ತು ಅಗ್ನಿಶಾಮಕ ಗಾಡಿಗಳಿಗೆ, ಕೆಲಸದವರ ಗಾಡಿಗಳಿಗೆ ಈ ಕಾರುಗಳು ಗುದ್ದಿದ 16 ಪ್ರಕರಣಗಳನ್ನು ನೋಡಿದಾಗ, ಗುದ್ದುವುದಕ್ಕೆ ಸರಾಸರಿ ಒಂದು ಸೆಕೆಂಡಿಗಿಂತಲೂ ಕಡಿಮೆ ಹೊತ್ತು ಇರುವಾಗ ಯಂತ್ರ ತನ್ನ ಹಿಡಿತ ಬಿಟ್ಟಿತ್ತು. ಒಂದು ಸೆಕೆಂಡು! ಹತ್ತು ಮೈಲಿ ತಾನು ಓಡಿಸಿ, ಗೋಡೆ ಎದುರಾದಾಗ 'ಇಗೋ, ಈಗ ನೀನು ಓಡಿಸು' ಎಂದು ಕೈ ಬಿಟ್ಟ ಹಾಗೆ. ಐದು ಸೆಕೆಂಡು ಮೊದಲವರೆಗೆ ಯಂತ್ರದ ಹಿಡಿತವಿದ್ದರೂ ಅದನ್ನು ಯಂತ್ರದ ಖಾತೆಗೇ ಬರೆಯುತ್ತೇವೆ ಎಂದು ಕಂಪೆನಿ ಹೇಳುತ್ತದೆ. ಅಂಕಿಯ ಖಾತೆಯಲ್ಲಿ ಬರೆಯಬಹುದು. ಕೋರ್ಟಿನಲ್ಲಿ ಮಾತ್ರ ಅದರ ವಕೀಲರು ಹೇಳುತ್ತ ಬಂದದ್ದು ಒಂದೇ ಮಾತು, ತಪ್ಪು ಚಾಲಕನದು. 2023ರ ಡಿಸೆಂಬರಿನಲ್ಲಿ ಅದೇ ಇಲಾಖೆಯ ತನಿಖೆಯ ಫಲವಾಗಿ 20 ಲಕ್ಷಕ್ಕೂ ಹೆಚ್ಚು ಕಾರುಗಳಲ್ಲಿ ಎಚ್ಚರಿಕೆಯ ವ್ಯವಸ್ಥೆಯನ್ನು ತಿದ್ದಬೇಕಾಯಿತು. ಅದನ್ನೂ ದೂರದಿಂದಲೇ ತಿದ್ದಿದರು.

ಕಾರಿನ ಮಾಲಿಕನ ಗತಿ ಹೀಗಾದರೆ, ಕಾರಿನಲ್ಲಿ ಸಂಬಳಕ್ಕೆ ಕುಳಿತವರ ಗತಿ ಏನು? ಅರಿಜೋನಾದ ಟೆಂಪಿ ಎಂಬ ಊರಿನಲ್ಲಿ 2018ರ ಮಾರ್ಚ್ 18ರ ರಾತ್ರಿ ನಡೆದದ್ದನ್ನು ಕೆಲಸಗಾರ ಬಂಧುಗಳು ಗಮನವಿಟ್ಟು ಓದಬೇಕು. ಬಾಡಿಗೆ ಕಾರಿನ ವ್ಯಾಪಾರದ ಊಬರ್ ಕಂಪೆನಿ ಅಲ್ಲಿ ತನ್ನ ಸ್ವಯಂಚಾಲಿತ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ಪರೀಕ್ಷೆ ಮಾಡುತ್ತಿತ್ತು. ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ 49 ವರ್ಷದ ಹೆಂಗಸೊಬ್ಬಳಿಗೆ ಆ ಕಾರು ಗುದ್ದಿ ಆಕೆ ಸತ್ತಳು. ಪರೀಕ್ಷೆಯ ಕಾರಿನಿಂದ ಸತ್ತ ಮೊದಲ ಪಾದಚಾರಿ ಆಕೆ. ತನಿಖೆಯಲ್ಲಿ ಹೊರಬಂದದ್ದಿಷ್ಟು: ಯಂತ್ರ ಆಕೆಯನ್ನು 5.6 ಸೆಕೆಂಡು ಮೊದಲೇ ಕಂಡಿತ್ತು. ಕಂಡು, ಇದು ಗಾಡಿಯೋ, ಇನ್ನೇನೋ, ಸೈಕಲ್ಲೋ ಎಂದು ಮನಸ್ಸು ಬದಲಾಯಿಸುತ್ತಲೇ ಇತ್ತು. ದಾಟುಗೆರೆಯಿಲ್ಲದ ಕಡೆ ಜನ ರಸ್ತೆ ದಾಟಿಯಾರು ಎಂಬುದನ್ನೇ ಅದಕ್ಕೆ ಕಲಿಸಿರಲಿಲ್ಲ. ಕಾರು ತಯಾರಿಸಿದ ವೋಲ್ವೋ ಕಂಪೆನಿ ಇಟ್ಟಿದ್ದ ತುರ್ತು ಬ್ರೇಕಿನ ವ್ಯವಸ್ಥೆಯನ್ನು ಊಬರ್ ತನ್ನ ಯಂತ್ರ ಓಡುವಾಗ ಕೆಲಸ ಮಾಡದಂತೆ ಮಾಡಿತ್ತು. ಮೊದಲು ಕಾರಿಗೆ ಇಬ್ಬರು ನೌಕರರಿದ್ದರು. 2017ರ ಕೊನೆಯ ಹೊತ್ತಿಗೆ ಅದನ್ನು ಒಬ್ಬರಿಗೆ ಇಳಿಸಿತ್ತು.

ಉಳಿದಿದ್ದ ಆ ಒಬ್ಬ ನೌಕರಳು ಆ ಹೊತ್ತಿನಲ್ಲಿ ಫೋನಿನ ಕಡೆ ನೋಡುತ್ತಿದ್ದಳು ಎಂದು ಪೊಲೀಸರು ಹೇಳಿದರು. 2019ರ ಮಾರ್ಚಿನಲ್ಲಿ ಸರಕಾರಿ ವಕೀಲರು ಕಂಪೆನಿಯ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಆಧಾರವಿಲ್ಲವೆಂದು ತೀರ್ಮಾನಿಸಿದರು. 2020ರಲ್ಲಿ ಆ ನೌಕರಳ ಮೇಲೆ ಪ್ರಾಣಹಾನಿಯ ಮೊಕದ್ದಮೆ ಹೂಡಿದರು. 2023ರ ಜುಲೈನಲ್ಲಿ ಆಕೆ ಕಡಿಮೆ ತೀವ್ರತೆಯ ಅಪರಾಧವನ್ನು ಒಪ್ಪಿಕೊಂಡು ಮೂರು ವರ್ಷದ ನಿಗಾ ಶಿಕ್ಷೆ ಪಡೆದಳು. ಬ್ರೇಕ್ ಕಿತ್ತವರು, ನೌಕರರನ್ನು ಅರ್ಧಕ್ಕೆ ಇಳಿಸಿದವರು, ಪಾದಚಾರಿಯನ್ನು ಲೆಕ್ಕಕ್ಕೆ ಹಿಡಿಯದೆ ಯಂತ್ರ ರಚಿಸಿದವರು ಯಾರೂ ಕಟಕಟೆ ಹತ್ತಲಿಲ್ಲ. ಕಂಪೆನಿ 2020ರ ಡಿಸೆಂಬರಿನಲ್ಲಿ ಆ ಇಡೀ ವಿಭಾಗವನ್ನೇ ಇನ್ನೊಂದು ಕಂಪೆನಿಗೆ ವಹಿಸಿಕೊಟ್ಟು ಕೈ ತೊಳೆದುಕೊಂಡಿತು.

ಈ ಕಥೆ ನಮ್ಮ ಗಿರಣಿಗಳಿಗೆ ಹೊಸದೇ? ಗಾರ್ಡು ಇಲ್ಲದ ಯಂತ್ರಕ್ಕೆ ಬೆರಳು ಸಿಕ್ಕರೆ, ಮೊದಲು ಬರೆಯುವ ಕಾಗದ 'ಕೆಲಸಗಾರನ ಅಜಾಗರೂಕತೆಯಿಂದ' ಎಂದು. ಎರಡಾಳು ಮಾಡುವ ಕೆಲಸಕ್ಕೆ ಒಬ್ಬನನ್ನು ನಿಲ್ಲಿಸಿದವರ ಹೆಸರು ಆ ಕಾಗದದಲ್ಲಿ ಇರುವುದಿಲ್ಲ. ಈ ಅನ್ಯಾಯಕ್ಕೆ ಕಾನೂನಿನಲ್ಲಿ ಮೊದಲ ಪೆಟ್ಟು ಬಿದ್ದದ್ದು 1923ರ ಕೆಲಸಗಾರರ ಪರಿಹಾರ ಕಾಯಿದೆಯಿಂದ. ಕುಡಿದು ಬಂದದ್ದು, ಬೇಕೆಂದೇ ಗಾರ್ಡು ತೆಗೆದದ್ದು ಇಂಥ ಕೆಲವು ಸಂದರ್ಭ ಬಿಟ್ಟರೆ, ಕೆಲಸಗಾರ ಎಚ್ಚರ ತಪ್ಪಿದ ಎಂಬ ಮಾತ್ರಕ್ಕೆ ಮಾಲಿಕ ಪರಿಹಾರ ಕೊಡದೆ ತಪ್ಪಿಸಿಕೊಳ್ಳಲಾರ ಎಂದು ಅದು ಹೇಳಿತು. ಯಂತ್ರಕ್ಕೆ ಗಾರ್ಡು ಹಾಕಿಸುವ ಹೊಣೆಯನ್ನು 1948ರ ಕಾರ್ಖಾನೆ ಕಾಯಿದೆ ಕಾರ್ಖಾನೆ ನಡೆಸುವವನ ತಲೆಗೆ ಕಟ್ಟಿತು. ಆ ಕಾಯಿದೆಗಳಲ್ಲಿ ನೂರು ತೂತುಗಳಿದ್ದವು, ಇರಲಿ. ಯಂತ್ರದಿಂದ ಲಾಭ ಪಡೆಯುವವನೇ ಯಂತ್ರದ ಅಪಾಯಕ್ಕೂ ಹೊಣೆ ಎಂಬ ತತ್ವ ಮಾತ್ರ ನಮ್ಮ ಹಿರಿಯರ ಬೆವರು, ಬೆರಳುಗಳಿಂದ ಬಂದದ್ದು. ಕಾರ್ಖಾನೆಯ ಗೇಟಿನೊಳಗೆ ಗೆದ್ದ ಈ ತತ್ವ ಗೇಟಿನ ಹೊರಗಿನ ರಸ್ತೆಯಲ್ಲಿ ಏಕೆ ಸೋಲಬೇಕು?

ಸೋಲಲೇಬೇಕೆಂದಿಲ್ಲ ಎಂಬುದಕ್ಕೆ ಈಚೆಗೆ ಕೆಲವು ನಿದರ್ಶನಗಳು ಬಂದಿವೆ. 2019ರಲ್ಲಿ ಫ್ಲಾರಿಡಾದ ಕೀ ಲಾರ್ಗೋದಲ್ಲಿ ಆಟೋಪೈಲಟ್ ಓಡುತ್ತಿದ್ದ ಕಾರಿನ ಚಾಲಕ ಕೆಳಗೆ ಬಿದ್ದ ಫೋನಿಗೆ ಬಾಗಿದ. ರಸ್ತೆ ಮುಗಿದ ಕಡೆಯಲ್ಲೂ ನಿಲ್ಲದ ಕಾರು, ಬದಿಯಲ್ಲಿ ನಿಂತಿದ್ದ 22 ವರ್ಷದ ಯುವತಿಯನ್ನು ಕೊಂದಿತು. ಜೊತೆಗಿದ್ದ ಯುವಕನಿಗೆ ತೀವ್ರ ಗಾಯವಾಯಿತು. ಕಾರಿನ ಯಂತ್ರದೊಳಗೆ ದಾಖಲಾದ ಮಾಹಿತಿ ತನ್ನಲ್ಲಿ ಸಿಗುತ್ತಿಲ್ಲ ಎಂದು ಕಂಪೆನಿ ಹೇಳಿತು. ಸತ್ತವಳ ಕಡೆಯವರು ನೇಮಿಸಿದ ತಜ್ಞ ಅದನ್ನು ಹೊರತೆಗೆದ. 2025ರ ಆಗಸ್ಟ್ 1ರಂದು ಮಯಾಮಿಯ ಪಂಚರು ತೀರ್ಪು ಕೊಟ್ಟರು: ತಪ್ಪಿನಲ್ಲಿ ಕಂಪೆನಿಯ ಪಾಲು ನೂರಕ್ಕೆ 33, ಪರಿಹಾರ ಮತ್ತು ದಂಡ ಸೇರಿ ಕಂಪೆನಿ ತೆರಬೇಕಾದದ್ದು ಸುಮಾರು 24 ಕೋಟಿ ಡಾಲರು. ಕಂಪೆನಿ ಒಪ್ಪಲಿಲ್ಲ, ಮೇಲ್ಮನವಿಯ ಮಾತಾಡಿತು. ಆದರೂ ಹನ್ನೆರಡಕ್ಕಿಂತ ಕಡಿಮೆ ಸಾಮಾನ್ಯ ಜನ ಕುಳಿತು, ಚಾಲಕ ಬಾಗಿದ್ದನ್ನೂ ನೋಡಿ, ಅವನು ನಿಶ್ಚಿಂತೆಯಿಂದ ಬಾಗುವಂತೆ ಮಾಡಿದ ಹೆಸರನ್ನೂ ನೋಡಿ ತೂಗಿದರು. ತಕ್ಕಡಿಯ ಎರಡು ತಟ್ಟೆಯನ್ನೂ ನೋಡುವುದು ಇದೇ.

ಬ್ರಿಟನ್ನಿನಲ್ಲಿ 2024ರ ಮೇ ತಿಂಗಳಲ್ಲಿ ಒಂದು ಕಾಯಿದೆ ಬಂತು. ಗಾಡಿ ತಾನೇ ಓಡುತ್ತದೆಂದು ಅಧಿಕೃತವಾಗಿ ಒಪ್ಪಿದ ಮೇಲೆ, ಅದು ಓಡುತ್ತಿರುವಾಗಿನ ಚಾಲನೆಯ ತಪ್ಪಿಗೆ ಒಳಗೆ ಕುಳಿತವನ ಮೇಲೆ ಮೊಕದ್ದಮೆ ಹಾಕುವಂತಿಲ್ಲ. ಅದನ್ನು ರಸ್ತೆಗೆ ಬಿಟ್ಟ ಸಂಸ್ಥೆಯೇ ಉತ್ತರ ಕೊಡಬೇಕು. ಸ್ವಯಂಚಾಲಿತವೆಂದು ಒಪ್ಪಿಗೆ ಪಡೆಯದ ಗಾಡಿಯನ್ನು ಆ ಹೆಸರಿನಿಂದ ಮಾರುವುದನ್ನೂ ಆ ಕಾಯಿದೆ ಅಪರಾಧವೆಂದಿದೆ. ಜರ್ಮನಿಯ ಮರ್ಸಿಡಿಸ್ ಕಂಪೆನಿ 2022ರಲ್ಲಿ ತನ್ನ ದುಬಾರಿ ಕಾರುಗಳಲ್ಲಿ, ಗಂಟೆಗೆ 60 ಕಿಲೋಮೀಟರಿನೊಳಗೆ, ಹೆದ್ದಾರಿಯ ಗದ್ದಲದಲ್ಲಿ ಮಾತ್ರ ಓಡುವ ಸ್ವಯಂಚಾಲನೆಯನ್ನು ಮಾರತೊಡಗಿದಾಗ, ಅದು ಓಡುವ ಹೊತ್ತಿನ ಹೊಣೆ ತನ್ನದೆಂದಿತು. ಅವರು ಧರ್ಮಾತ್ಮರೆಂದು ನಾವು ಹೇಳುವುದಿಲ್ಲ, ಬಂಡವಾಳಗಾರರೇ. ಆದರೆ ಹೊಣೆ ಹೊರಬೇಕಾದಾಗ ಜಾಹೀರಾತು ಎಷ್ಟು ವಿನಯದ್ದಾಗುತ್ತದೆ, ನೋಡಿ!

ಕೆಲವು ಅಮೆರಿಕನ್ ನಗರಗಳಲ್ಲಿ ಚಾಲಕರ ಜಾಗದಲ್ಲಿ ಯಾರೂ ಇಲ್ಲದ ಬಾಡಿಗೆ ಕಾರುಗಳು ಓಡುತ್ತಿರುವುದು ನಿಜ. ಫೀನಿಕ್ಸ್ ನಗರದಲ್ಲಿ 2020ರಿಂದ ಸಾರ್ವಜನಿಕರು ಅವುಗಳಲ್ಲಿ ಹೋಗಿಬರುತ್ತಿದ್ದಾರೆ. ಅದನ್ನು ಅಲ್ಲಗಳೆಯುವುದು ಮೂರ್ಖತನ. ಆದರೆ 'ಯಾರೂ ಇಲ್ಲ' ಎಂಬ ಮಾತನ್ನು ಸ್ವಲ್ಪ ಕೆದಕಿ ನೋಡಬೇಕು. ಜನರಲ್ ಮೋಟಾರ್ಸ್‌ನ 'ಕ್ರೂಸ್' ಕಾರುಗಳ ಹಿಂದೆ ದೂರದ ಕೊಠಡಿಗಳಲ್ಲಿ ಪರದೆ ನೋಡುತ್ತ ಕುಳಿತು, ಸಿಕ್ಕಿಕೊಂಡ ಕಾರಿಗೆ ದಾರಿ ಹೇಳುವ ನೌಕರರಿದ್ದರು ಎಂಬುದು 2023ರಲ್ಲಿ ಬಯಲಾಯಿತು. ಆ ವರ್ಷ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಥ ಒಂದು ಕಾರು ಹೆಂಗಸೊಬ್ಬಳನ್ನು ತನ್ನಡಿಯಲ್ಲಿ ಸುಮಾರು 20 ಅಡಿ ಎಳೆದೊಯ್ದ ಮೇಲೆ ಅದರ ಪರವಾನಗಿ ಹೋಯಿತು. 2024ರ ಡಿಸೆಂಬರಿನಲ್ಲಿ ಆ ಬಾಡಿಗೆ ವ್ಯಾಪಾರವೇ ಮುಚ್ಚಿತು. ಟೆಸ್ಲಾದ ಯಂತ್ರಕ್ಕೆ ಇದು ಮರ, ಇದು ಮನುಷ್ಯ, ಇದು ಕೆಂಪು ದೀಪ ಎಂದು ಚಿತ್ರ ಚಿತ್ರವಾಗಿ ಗುರುತು ಹಾಕಿ ಕಲಿಸುವವರೂ ಸಂಬಳದ ದುಡಿಮೆಗಾರರೇ. ನ್ಯೂಯಾರ್ಕ್ ಪ್ರಾಂತದ ಬಫೆಲೋದಲ್ಲಿ ಅವರು 2023ರ ಫೆಬ್ರುವರಿಯಲ್ಲಿ ಸಂಘ ಕಟ್ಟುತ್ತೇವೆಂದು ಪ್ರಕಟಿಸಿದರು. ಮಾರನೆಯ ದಿನವೇ ಅಲ್ಲಿನ ಹಲವರು ಕೆಲಸ ಕಳೆದುಕೊಂಡರು. ಇದು ಸಂಘದ ಮೇಲಿನ ಸೇಡು ಎಂದು ಕೆಲಸಗಾರರು, ಮೊದಲೇ ನಿಶ್ಚಯಿಸಿದ್ದ ಕೆಲಸದ ಪರಿಶೀಲನೆ ಎಂದು ಕಂಪೆನಿ. ಆ ತಾರೀಖುಗಳ ಮಧ್ಯೆ ಎಷ್ಟು ಅಂತರವಿದೆಯೆಂದು ಓದುಗರೇ ಎಣಿಸಲಿ.

ಸ್ವೀಡನ್ನಿನಲ್ಲಿ ಈ ಕಂಪೆನಿಗೆ ಬೇರೆ ಬಗೆಯ ಜನ ಸಿಕ್ಕಿದರು. ಅಲ್ಲಿ ಹತ್ತು ಕೆಲಸಗಾರರಲ್ಲಿ ಸುಮಾರು ಒಂಬತ್ತು ಮಂದಿ ಸಾಮೂಹಿಕ ಒಪ್ಪಂದದ ಅಡಿಯಲ್ಲಿ ದುಡಿಯುತ್ತಾರೆ. ಒಪ್ಪಂದಕ್ಕೆ ಸಹಿ ಹಾಕೆವು ಎಂದ ಟೆಸ್ಲಾ ವಿರುದ್ಧ ಅಲ್ಲಿನ ಲೋಹ ಕೆಲಸಗಾರರ ಸಂಘದ ಮೆಕ್ಯಾನಿಕ್‌ಗಳು 2023ರ ಅಕ್ಟೋಬರ್ 27ರಂದು ಮುಷ್ಕರ ಹೂಡಿದರು. ಅವರ ಸಂಖ್ಯೆ ದೊಡ್ಡದಲ್ಲ. ಆದರೆ ಬಂದರಿನ ಹಮಾಲರು ಟೆಸ್ಲಾ ಕಾರು ಇಳಿಸೆವು ಎಂದರು. ಅಂಚೆಯವರು ಅವುಗಳ ನಂಬರು ಫಲಕ ತಲುಪಿಸೆವು ಎಂದರು. ಎಲೆಕ್ಟ್ರಿಷಿಯನ್ನರು, ಕಸ ಗುಡಿಸುವವರು ಕೈ ಕಟ್ಟಿ ನಿಂತರು. ಡೆನ್ಮಾರ್ಕ್, ನಾರ್ವೆ, ಫಿನ್‌ಲ್ಯಾಂಡಿನ ಸಂಘಗಳೂ ಜೊತೆಗೂಡಿದವು. 2025ರ ಅಕ್ಟೋಬರಿಗೆ ಆ ಮುಷ್ಕರಕ್ಕೆ ಎರಡು ವರ್ಷ ತುಂಬಿತು, ಆಗಲೂ ಮುಗಿದಿರಲಿಲ್ಲ.

ನಮ್ಮ ದೇಶದ ಮಾತು. ಚಾಲಕರಿಲ್ಲದ ಗಾಡಿಗೆ ಭಾರತದಲ್ಲಿ ಅವಕಾಶ ಕೊಡೆನು, ಅದು ಚಾಲಕರ ಅನ್ನ ಕಸಿಯುತ್ತದೆ ಎಂದು ಕೇಂದ್ರದ ಸಾರಿಗೆ ಮಂತ್ರಿ ನಿತಿನ್ ಗಡ್ಕರಿಯವರು 2017ರಲ್ಲೂ 2023ರಲ್ಲೂ ಹೇಳಿದ್ದಾರೆ. ಮಾತು ಚೆನ್ನಾಗಿದೆ. ಹಾಗಾದರೆ ಅವಕಾಶವಿಲ್ಲದ ಸಾಮಾನಿಗೆ ಮುಂಬಯಿಯ ಬೆಲೆಪಟ್ಟಿಯಲ್ಲಿ 6 ಲಕ್ಷ ರೂಪಾಯಿ ಬರೆಯಲು ಅವಕಾಶ ಕೊಟ್ಟವರು ಯಾರು? ಕಾರಿನಲ್ಲಿ ಚಾಲಕನಿಗೆ ನೆರವಾಗುವ ಉಪಕರಣಗಳು ಈಗ ದೇಶೀ ಕಂಪೆನಿಗಳ ಗಾಡಿಗಳಲ್ಲೂ ಬಂದಿವೆ. ನಾಳೆ ಯಾವನೋ ಸಾಹುಕಾರನ ಕಾರು ಯಂತ್ರದ ಹಿಡಿತದಲ್ಲಿ ನಮ್ಮ ಸಂತೆಬೀದಿಯಲ್ಲಿ ಗುದ್ದಿದರೆ ಪೊಲೀಸರು ಮೊದಲು ಹಿಡಿಯುವುದು ಯಾರನ್ನು? ಸಾಹುಕಾರನನ್ನೂ ಅಲ್ಲ, ಯಂತ್ರ ಮಾಡಿದವನನ್ನೂ ಅಲ್ಲ. ತಿಂಗಳ ಸಂಬಳಕ್ಕೆ ಸ್ಟಿಯರಿಂಗ್ ಹಿಂದೆ ಕುಳಿತ ನಮ್ಮ ಡ್ರೈವರನ್ನು. ಟೆಂಪಿಯ ಆ ನೌಕರಳ ಕಥೆ ಅವನ ಕಥೆಯಾಗಲು ಹೆಚ್ಚು ದಿನ ಬೇಕಿಲ್ಲ.

ಬೀಗದ ಕೈ ಆಗಲೇ ಬಂದಾಯಿತು. ಬ್ಯಾಟರಿ ಗಾಡಿಗೆ ಸಾಲ ಕೊಡುವಾಗ, ಕಂತು ತಪ್ಪಿದರೆ ದೂರದಿಂದಲೇ ಗಾಡಿ ನಿಲ್ಲಿಸುವ ಉಪಕರಣವನ್ನು ಕೂರಿಸುವ ಪದ್ಧತಿ ನಮ್ಮ ದೇಶದಲ್ಲೂ ಕಾಲಿಟ್ಟಿದೆ. ಹಿಂದೆ ಜಪ್ತಿಗೆ ಮನುಷ್ಯರು ಬರುತ್ತಿದ್ದರು. ಅವರೊಡನೆ ವಾದಿಸಬಹುದಾಗಿತ್ತು, ನಾಲ್ಕು ಜನ ಸೇರಿಸಬಹುದಾಗಿತ್ತು, ನಾಳೆ ಕೊಡುತ್ತೇನೆ ಎನ್ನಬಹುದಾಗಿತ್ತು. ಈಗ ಬೆಳಗಿನ ಜಾವ ತರಕಾರಿ ಹೇರಿಕೊಂಡು ನಿಂತಾಗ ಗಾಡಿ ಸುಮ್ಮನೆ ಏಳುವುದಿಲ್ಲ, ಅಷ್ಟೆ.

ಆದ್ದರಿಂದ ಸರಕಾರದ ಮುಂದೆ ಇಡಬೇಕಾದ ಬೇಡಿಕೆ ನಮ್ಮ ಪಕ್ಷದ ಸಮಿತಿಗಳಿಗೂ ಚಾಲಕರ ಸಂಘಗಳಿಗೂ ಇಂದೇ ಸ್ಪಷ್ಟವಾಗಿರಬೇಕು. ಯಂತ್ರ ಓಡಿಸುವಾಗಿನ ತಪ್ಪಿಗೆ ಯಂತ್ರ ಮಾರಿದವನು ಕಟಕಟೆ ಹತ್ತಬೇಕು. ಇಲ್ಲಿನ ರಸ್ತೆಯಲ್ಲಿ ಇಂದು ಕೆಲಸ ಮಾಡದ ಬಾಬಿಗೆ ಒಂದು ಪೈಸೆಯನ್ನೂ ಮುಂಗಡ ಪಡೆಯಕೂಡದು. ಅಪಘಾತವಾದಾಗ ಗಾಡಿಯೊಳಗಿನ ದಾಖಲೆ ಕಂಪೆನಿಯ ಕೈಗೆ ಹೋಗುವ ಮೊದಲು ಪೊಲೀಸರ ಮತ್ತು ಚಾಲಕನ ವಕೀಲರ ಕೈಗೆ ಬರಬೇಕು. ಪೂರ್ಣ ಹಣ ತೆತ್ತ ಗಾಡಿಗೆ ಹೊರಗಿನವರು ಬೀಗ ಹಾಕಕೂಡದು. ಸಾಲದ ಗಾಡಿಯಾದರೆ ನೋಟೀಸು ಕೊಡದೆ, ವಿಚಾರಣೆಯಿಲ್ಲದೆ ನಿಲ್ಲಿಸಕೂಡದು.

ನಮ್ಮ ಊರಿನಲ್ಲೂ ತಾಲ್ಲೂಕುಗಳಲ್ಲೂ ಬ್ಯಾಟರಿ ಆಟೋ, ಸಾಮಾನು ಗಾಡಿ, ಸ್ಕೂಟರು ಕೊಂಡಿರುವ ಓದುಗರು ತಮ್ಮ ಸಾಲದ ಕರಾರನ್ನೂ ಖರೀದಿಯ ಕಾಗದಗಳನ್ನೂ ತೆಗೆದುಕೊಂಡು ನಮ್ಮ ಕಚೇರಿಗೆ ಬರಬೇಕೆಂದು ಕೋರುತ್ತೇವೆ. ಎರಡನೆಯ ಪಾಳಿಯವರಿಗೆ ಬೆಳಿಗ್ಗೆ, ಮೊದಲನೆಯ ಪಾಳಿಯವರಿಗೂ ಅಂಗಡಿಯವರಿಗೂ ಸಂಜೆ ಆರರ ಮೇಲೆ ನಮ್ಮ ವಕೀಲ ಮಿತ್ರರು ಕುಳಿತಿರುತ್ತಾರೆ. ಸಣ್ಣಕ್ಷರದ ಪುಟಗಳನ್ನೂ ಮರೆಯದೆ ತನ್ನಿರಿ.